ದೊರೆಯ ಹೆಸರಿನಲ್ಲಿ

ಮ್ಯಾನ್‌ಹಟನ್ನಿಗೆ ಹೋಗುವ ಲಿಂಕನ್ ಟನಲ್ಲಿನ ಬಾಯಿಗೆ ಬರುತ್ತಲೇ ಬಸ್ಸು ನಿಂತುಬಿಟ್ಟಿತು. ಹತ್ತು ಗಂಟೆಯ ಮೇಲೆ ಹೊರಟರೆ ದಾರಿ ಖಾಲಿ ಇರುತ್ತದೆಂದು ಅಮರೇಶ್ವರ ತನ್ನ ಮನೆಯಿದ್ದ ಪಾರ್ಸಿಪನಿಯಲ್ಲಿ ನಿಧಾನವಾಗಿಯೇ ಬಸ್ಸು ಹತ್ತಿದ್ದ. ತೊಡೆಯ ಮೇಲಿದ್ದ ಹಾಳೆಗಳನ್ನು ಮತ್ತೆ ಎತ್ತಿಕೊಂಡ. ಹದಿನಾಲ್ಕು ಹಾಳೆ. ಮಕ್ಕಳ ಪಾಠದ ಪುಸ್ತಕದಲ್ಲಿರುವಷ್ಟು ದಪ್ಪ ಅಕ್ಷರ, ಉಸಿರು ತೆಗೆದುಕೊಳ್ಳಬೇಕಾದ ಕಡೆ ಕೆಂಪು ಗೀಟು, ತಲೆಯೆತ್ತಿ ಸಭೆಯನ್ನು ನೋಡಬೇಕಾದ ಕಡೆ ಹಸಿರು ಚುಕ್ಕೆ. ಏಳನೆಯ ಹಾಳೆಯನ್ನು ಮೂರು ಸಲ ತಿದ್ದಿ ಬರೆದಿದ್ದ. ಆದರೂ ಅದರಲ್ಲಿ ಏನೋ ಹಲ್ಲಿನ ಸಂದಿಗೆ ಸಿಕ್ಕಿಕೊಂಡ ಹಾಗೆ ಕಾಡುತ್ತಿತ್ತು. ಒಂದೊಂದೇ ವಾಕ್ಯವನ್ನು ತುಟಿಯಲ್ಲಾಡಿಸಿ ಓದಿ ನೋಡಿದ. ತಪ್ಪಿರಲಿಲ್ಲ. ಪಕ್ಕದ ಸೀಟಿನ ಹೆಂಗಸು ಒಮ್ಮೆ ಅವನ ತುಟಿಗಳನ್ನೂ ಒಮ್ಮೆ ಹಾಳೆಯನ್ನೂ ನೋಡಿ ಕಿಟಕಿಯ ಕಡೆ ತಿರುಗಿದಳು. ಬರೆದದ್ದನ್ನೆಲ್ಲ ತನ್ನೊಳಗೆ ಪ್ರೊಫೆಸರ್ ಗುರುರಾಜರ ದನಿಯಲ್ಲಿ ಓದಿಕೊಳ್ಳುವುದು ಅವನಿಗೆ ಯಾವಾಗ ರೂಢಿಯಾಯಿತೋ ನೆನಪಿಲ್ಲ. ಅವರ ಮೈಸೂರು ಇಂಗ್ಲಿಷಿನ ಆ ಸಾವಧಾನ, ವಾಕ್ಯದ ಕೊನೆಯ ಪದವನ್ನು ಮೆಲ್ಲಗೆ ನೆಲಕ್ಕಿಡುವ ರೀತಿ. ತನ್ನ ದನಿಯಲ್ಲಿ ಓದಿಕೊಂಡರೆ ಅದೇ ವಾಕ್ಯ ಅರ್ಜಿಯಂತೆ ಕೇಳುತ್ತಿತ್ತು.

ಆ ದಿನ ಮಧ್ಯಾಹ್ನ ಮೂರು ಗಂಟೆಗೆ ಮ್ಯಾನ್‌ಹಟನ್ನಿನ ವಿಶ್ವವಿದ್ಯಾಲಯದಲ್ಲಿ ಗುರುರಾಜರ ವಾರ್ಷಿಕ ಉಪನ್ಯಾಸ. ವಿಷಯ, ಬೀದರಿನ ಬರೀದ್ ಶಾಹಿ ಮನೆತನದ ಏಳುಬೀಳು. ದಖ್ಖನಿನ ಇತಿಹಾಸವೆಂದರೆ ಗುರುರಾಜರು ಎನ್ನುವ ಕಾಲವೊಂದಿತ್ತು. ಹೊರಗಿನವರಿಗೆ ಈಗಲೂ ಹಾಗೆಯೇ. ಅವರು ಅಲ್ಲಿನ ಇತಿಹಾಸದ ಪೀಠದಲ್ಲಿ ಕೂತು ಇಪ್ಪತ್ತೇಳು ವರ್ಷ. ಅವರ ಕೈಕೆಳಗೆ ಸಂಶೋಧನಾ ಸಹಾಯಕನೆಂಬ ಹುದ್ದೆಯಲ್ಲಿ ಅಮರೇಶ್ವರ ಕೂತು ಹತ್ತೊಂಬತ್ತು ವರ್ಷ. ಆರು ವರ್ಷಗಳ ಹಿಂದೆ ಒಂದು ದಿನ ಗುರುರಾಜರು ಬರೆಯುತ್ತಿದ್ದ ಇಮೇಲಿನ ನಡುವೆ ಬೆರಳು ನಿಲ್ಲಿಸಿ, ‘ಇವನಿಗೆ ಏನು ಹೇಳಬೇಕಿತ್ತು ನಾವು?’ ಎಂದಿದ್ದರು. ಅಮರೇಶ್ವರ ಆ ವಾಕ್ಯ ಮುಗಿಸಿಕೊಟ್ಟ. ಮುಂದಿನ ತಿಂಗಳು ಒಂದು ಪತ್ರವನ್ನು, ಆಮೇಲೆ ಒಂದು ಪುಸ್ತಕ ವಿಮರ್ಶೆಯನ್ನು, ವರ್ಷ ತುಂಬುವುದರೊಳಗೆ ಇಡೀ ಒಂದು ಪ್ರಬಂಧವನ್ನು. ಯಾವ ದಿನ ಗಡಿ ದಾಟಿದೆನೆಂದು ಈಗ ಕೇಳಿದರೆ ಅವನು ತೋರಿಸಲಾರ. ಬರೀದ್ ಶಾಹಿ ಮನೆತನದ ಮೂಲಪುರುಷ ಖಾಸಿಂ ಬರೀದನೂ ತೋರಿಸುತ್ತಿರಲಿಲ್ಲ. ಗುಲಾಮನಾಗಿ ಬಂದು ಬಹಮನಿ ಸುಲ್ತಾನನಿಗೆ ಮಾರಾಟವಾದ ತುರುಕ. ಅಕ್ಷರ ದುಂಡಗೆ ಬರೆಯುತ್ತಿದ್ದ, ವಾದ್ಯ ನುಡಿಸುತ್ತಿದ್ದ, ಯುದ್ಧಕ್ಕೆ ಕಳಿಸಿದರೆ ಗೆದ್ದು ಬರುತ್ತಿದ್ದ. ದೊರೆಯ ಕೈಗೆ ಸಿಗುವಷ್ಟು ಹತ್ತಿರ ನಿಂತ, ಅಷ್ಟೆ. ಒಂದು ದಿನ ನೋಡಿದರೆ ದೊರೆ ಕೈ ಚಾಚುವುದಕ್ಕೂ ಇವನ ಕಡೆ ನೋಡುತ್ತಿದ್ದ.

ಹನ್ನೊಂದನೆಯ ಮಹಡಿಯ ಅಪಾರ್ಟ್‌ಮೆಂಟಿನ ಬಾಗಿಲನ್ನು ಗುರುರಾಜರ ಹೆಂಡತಿ ಅಲಮೇಲು ಅವರೇ ತೆರೆದರು. ಎಪ್ಪತ್ತಮೂರು ವರ್ಷದ ಹೆಂಗಸು. ರೇಷ್ಮೆ ಸೀರೆ ಉಟ್ಟು, ಮೇಲೊಂದು ಸ್ವೆಟರು ಹಾಕಿ, ಆಗಲೇ ಸುಸ್ತಾಗಿದ್ದರು. ‘ಬಾಪ್ಪ ಅಮರೇಶ. ನೀನಾದ್ರೂ ಹೇಳು. ಬೆಳಗ್ಗಿಂದ ಅದೇ ರಾಗ.’ ಒಳಗೆ ಗುರುರಾಜರು ಮಂಚದ ಅಂಚಿನಲ್ಲಿ ಒಂದು ಕಾಲಿಗೆ ಮಾತ್ರ ಕಾಲುಚೀಲ ಹಾಕಿಕೊಂಡು ಕೂತಿದ್ದರು. ಎತ್ತರದ ಮೈಕಟ್ಟು ಹಾಗೆಯೇ ಇತ್ತು. ಒಳಗಿನವನು ಎದ್ದುಹೋದ ಮೇಲೆ ಕುರ್ಚಿಯ ಮೇಲೆ ಉಳಿದ ಕೋಟಿನ ಹಾಗೆ.

‘ಕೆಲಸ ಬಿಟ್ಟಾಯ್ತಲ್ಲೇ ನಾನು,’ ಎಂದರು ಹೆಂಡತಿಗೆ. ‘ಬಿಟ್ಟ ಮೇಲೂ ಯಾಕೆ ಹೋಗ್ಬೇಕು?’

‘ನೋಡಿದ್ಯಾ? ದಿನಾ ಇದೇ,’ ಎಂದರು ಅಲಮೇಲು. ‘ರೀ, ಬಿಟ್ಟಿಲ್ಲ ರೀ ನೀವು. ಬಿಡಿ ಬಿಡಿ ಅಂತ ನಾನು ಬಡ್ಕೊಂಡಾಗ ಬಿಡ್ಲಿಲ್ಲ. ಈಗ ಕಾಲು ಕೊಡಿ.’

ಅಮರೇಶ್ವರ ಮಂಡಿಯೂರಿ ಕೂತು ಇನ್ನೊಂದು ಕಾಲುಚೀಲ ಹಾಕಿದ. ತಲೆ ಬಗ್ಗಿಸಿರಲು ಅದೊಂದು ನೆಪ. ಆ ಪಾದ ತಣ್ಣಗಿತ್ತು, ಹಿಮ್ಮಡಿ ಒಡೆದಿತ್ತು. ‘ಸರ್, ಇವತ್ತು ನಿಮ್ಮ ಲೆಕ್ಚರ್ ಐತ್ರಿ,’ ಎಂದ. ‘ಭಾಳ ಮಂದಿ ಬರ್ತಾರ್ರಿ.’ ಗುರುರಾಜರು ಅವನ ನೆತ್ತಿಯನ್ನು ನೋಡುತ್ತ, ‘ನೀನು ಹೇಳಿದ್ರೆ ಸರಿ,’ ಎಂದು ಎದ್ದು ನಿಂತರು. ಅಲಮೇಲು ನಿಟ್ಟುಸಿರು ಬಿಟ್ಟು, ನಿನ್ನ ಮಾತಾದರೆ ಕೇಳುತ್ತಾರೆ ನೋಡು ಎಂದರು. ಅದನ್ನು ಹೊಗಳಿಕೆಯಾಗಿಯೇ ಹೇಳಿದ್ದರು.

ರಸ್ತೆಯಲ್ಲಿ ಬಿಸಿಲಿತ್ತು, ಬಿಸಿಲಿಗೆ ಬಿಸಿ ಇರಲಿಲ್ಲ. ಏಪ್ರಿಲ್ಲಿನ ಬೀದರ ಎಂದರೆ ಕೆಂಪು ಕಲ್ಲು ಕಾದು ಕಾಲಿಡಲಾಗದ ಹಾಗಿರುವುದು. ಅಮರೇಶ್ವರನ ಅಪ್ಪ ಅಲ್ಲಿ ಬರೀದರ ಗೋರಿಗಳ ತೋಟದಲ್ಲಿ ಮಾಲಿಯಾಗಿದ್ದ. ಮಧ್ಯಾಹ್ನದ ಊಟವನ್ನು ಅಲೀ ಬರೀದನ ಗೋರಿಯೊಳಗೆ ಕೂತು ಮಾಡುತ್ತಿದ್ದ. ನಾಲ್ಕು ಕಡೆಗೂ ಕಮಾನು ತೆರೆದ ಕಟ್ಟಡ, ಯಾವ ದಿಕ್ಕಿನ ಗಾಳಿಯಾದರೂ ಒಳಗೆ ಬರಬೇಕು. ಇಷ್ಟು ದೊಡ್ಡ ಮನಿಗಿ ಬಾಗಲಾ ಯಾಕಿಲ್ಲೋ ಯಪ್ಪಾ ಎಂದು ಕೇಳಿದರೆ, ಸತ್ತವರಿಗಿ ಕಳ್ಳರ ಅಂಜಿಕಿ ಎಲ್ಲೀದು ಎನ್ನುತ್ತಿದ್ದ. ಗುರುರಾಜರು ಕ್ಯಾಮೆರಾ ಹೊತ್ತು ಅಲ್ಲಿಗೆ ಬಂದದ್ದು ತೊಂಬತ್ತಮೂರರಲ್ಲಿ. ಬಿ.ಎ. ಓದುತ್ತಿದ್ದ ಮಾಲಿಯ ಮಗ ಗೋಡೆಯ ಮೇಲಿನ ಫಾರಸಿ ಸಾಲನ್ನು ತೊದಲದೆ ಓದಿದ. ‘ಯಾರಯ್ಯಾ ಹೇಳಿಕೊಟ್ಟದ್ದು ನಿನಗೆ?’ ಎಂದು ಅವರು ಕೇಳಿದ ದನಿಯಲ್ಲಿದ್ದ ಅಚ್ಚರಿಯನ್ನು ಅವನು ಎಷ್ಟು ಸಲ ನೆನೆಸಿಕೊಂಡಿದ್ದಾನೋ, ಈಗ ಅದು ಸವೆದುಹೋಗಿ ಅಚ್ಚರಿಯೋ ಅನುಮಾನವೋ ತಿಳಿಯದ ಹಾಗಾಗಿದೆ. ಮಸೀದಿಯ ಮೌಲ್ವಿ ಸಾಹೇಬರು ಹೇಳಿಕೊಟ್ಟದ್ದು. ಅವರ ಹೆಸರನ್ನು ಅವನು ಯಾವ ಪುಸ್ತಕದ ಕೃತಜ್ಞತೆಯಲ್ಲೂ ಸೇರಿಸಲಾಗಲಿಲ್ಲ, ಏಕೆಂದರೆ ಆ ಪುಟಗಳನ್ನೂ ಗುರುರಾಜರ ಪರವಾಗಿಯೇ ಬರೆಯಬೇಕಿತ್ತು. ಪಕ್ಕದಲ್ಲಿ ನಡೆಯುತ್ತಿದ್ದ ಗುರುರಾಜರು ಸಿಗ್ನಲ್ಲಿನ ಹತ್ತಿರ ನಿಂತು ಅವನ ತೋಳು ಹಿಡಿದರು. ಹಿಡಿತದಲ್ಲಿ ಪೂರ್ಣ ನಂಬಿಕೆಯಿತ್ತು. ಅವನಿಗೆ ತೋಳು ಕೊಡವಿ ಓಡಿಹೋಗಬೇಕೆನಿಸಿತು.

ಸಭಾಂಗಣದಲ್ಲಿ ಅರವತ್ತು ಜನವಿದ್ದರು. ಮುಂದಿನ ಸಾಲಿನಲ್ಲಿ ಅಲಮೇಲು, ಅವರ ಹಿಂದೆ ಸನ್ನಿಧಿ. ಧಾರವಾಡದ ಹುಡುಗಿ, ಇಲ್ಲಿ ಪಿಎಚ್.ಡಿ. ಮಾಡುತ್ತಿದ್ದವಳು. ವಿಭಾಗದ ಮುಖ್ಯಸ್ಥೆ ಪರಿಚಯದ ಮಾತಾಡಿ, ಎಪ್ಪತ್ತೆಂಟರಲ್ಲೂ ಪ್ರೊಫೆಸರರ ಬರಹ ಪ್ರತಿ ವರ್ಷ ಇನ್ನಷ್ಟು ಹರಿತವಾಗುತ್ತಿದೆ ಎಂದರು. ಜನ ನಕ್ಕು ಚಪ್ಪಾಳೆ ತಟ್ಟಿದರು. ವೇದಿಕೆಗೆ ಎರಡು ಮೆಟ್ಟಿಲು ಕೆಳಗೆ, ಗೋಡೆಯ ಪಕ್ಕದ ಕುರ್ಚಿಯಲ್ಲಿ ಅಮರೇಶ್ವರನ ಜಾಗ. ಅವನ ಮುಖ ಬಿಸಿಯಾಯಿತು. ಅದು ನಾಚಿಕೆಯಷ್ಟೇ ಆಗಿದ್ದರೆ ಚೆನ್ನಾಗಿತ್ತು. ಗುರುರಾಜರು ಹಾಳೆಗಳನ್ನು ತಟ್ಟಿ ಜೋಡಿಸಿ ಓದತೊಡಗಿದರು. ಓದುವುದು ಮಾತ್ರ ಅವರನ್ನು ಬಿಟ್ಟುಹೋಗಿರಲಿಲ್ಲ. ಎದುರಿಗೆ ಅಕ್ಷರವಿದ್ದರೆ ಸಾಕು, ದನಿ ತಾನಾಗಿ ತನ್ನ ಹಳೆಯ ದಾರಿ ಹಿಡಿಯುತ್ತಿತ್ತು. ಖಾಸಿಂ ಬಂದ, ಸಾಬಾಜಿಯೆಂಬ ಮರಾಠ ನಾಯಕನನ್ನು ಗೆದ್ದು ಅವನ ಮಗಳನ್ನೇ ತನ್ನ ಮಗನಿಗೆ ತಂದುಕೊಂಡ, ವಜೀರನಾದ. ಆ ಮಗ ಅಮೀರ್ ಬರೀದ್ ಬಂದ. ಕೈಯಲ್ಲಿ ಎಲ್ಲವೂ ಇದ್ದು ತನ್ನನ್ನು ಮಾತ್ರ ಎಂದೂ ಶಾಹ ಎಂದು ಕರೆದುಕೊಳ್ಳದವನು. ಒಬ್ಬರಾದ ಮೇಲೊಬ್ಬರಂತೆ ನಾಲ್ಕು ಜನ ಬಹಮನಿ ದೊರೆಗಳನ್ನು ತಖ್ತಿನ ಮೇಲೆ ಕೂರಿಸಿ, ಅವರ ಹೆಸರಿನಲ್ಲಿ ಆಳಿದ. ಅವರಲ್ಲೊಬ್ಬ ವಂಶದ ಕಿರೀಟವನ್ನೇ ಒಡೆದು ಹರಳುಗಳನ್ನು ಗುಟ್ಟಾಗಿ ಮಾರಿ ಹೆಂಡ ತರಿಸಿಕೊಂಡ ಎಂಬಲ್ಲಿ ಜನ ಉಸಿರು ಹಿಡಿದು ಕೇಳುತ್ತಿದ್ದರು. ಎಲ್ಲಿ ನಿಲ್ಲಬೇಕೋ ಅಲ್ಲಿ ಗುರುರಾಜರು ನಿಲ್ಲುತ್ತಿದ್ದರು, ಹಸಿರು ಚುಕ್ಕೆಗೆ ತಲೆಯೆತ್ತುತ್ತಿದ್ದರು. ಅಮರೇಶ್ವರನಿಗೆ ಎದೆಯಲ್ಲಿ ಆ ಪರಿಚಿತ ಸಿಹಿ ಹರಡಿತು. ತಾನು ಬರೆದದ್ದು ಲೋಕಕ್ಕೆ ಕೇಳುತ್ತಿದೆ.

ಏಳನೆಯ ಹಾಳೆ ಬಂತು. ಬಹಮನಿಗಳ ಕೊನೆಯ ದೊರೆ ಕಲೀಮುಲ್ಲಾ. ಅವನಿಗೆ ಅರಮನೆಯಿತ್ತು, ಅಡುಗೆಯವರಿದ್ದರು; ಹೊರಗೆ ಹೋಗುವ ಬಾಗಿಲು ಮಾತ್ರ ಅಮೀರ್ ಬರೀದನ ಕೈಯಲ್ಲಿತ್ತು. ದಿಲ್ಲಿಯಲ್ಲಿ ಬಾಬರ್ ಬಂದಿದ್ದಾನೆಂದು ಕೇಳಿ ಅವನಿಗೆ ಗುಟ್ಟಾಗಿ ಪತ್ರ ಬರೆದ, ನನ್ನನ್ನು ಈ ಬಂಧನದಿಂದ ಬಿಡಿಸು ಎಂದು. ‘ಪತ್ರದ ಸುದ್ದಿ ವಜೀರನಿಗೆ ತಿಳಿಯಿತು,’ ಎಂದು ಓದಿ ಗುರುರಾಜರು ನಿಂತರು. ಅಲ್ಲಿ ಗೀಟೂ ಇರಲಿಲ್ಲ, ಚುಕ್ಕೆಯೂ ಇರಲಿಲ್ಲ. ಹಾಳೆಯನ್ನು ಹತ್ತಿರ ತಂದುಕೊಂಡು ಮತ್ತೆ ನೋಡಿದರು. ಆಮೇಲೆ ಮೆಟ್ಟಿಲ ಕೆಳಗೆ ಕೂತವನ ಕಡೆ ತಿರುಗಿ, ಮನೆಯಲ್ಲಿ ಕೂತು ಕೇಳುವ ಹಾಗೆ, ಕನ್ನಡದಲ್ಲಿ ಕೇಳಿದರು:

‘ಅಮರೇಶ, ನಾನೂ ಒಂದು ಪತ್ರ ಬರೆದಿದ್ದೆ ಅಲ್ಲವೇನಯ್ಯಾ? ಉತ್ತರ ಬಂತಾ?’

ಮೈಕಿನಲ್ಲಿ ಆ ಮಾತು ಸಭೆಯ ಕೊನೆಯವರೆಗೂ ಹೋಯಿತು. ಹೋಗಿ ಯಾರನ್ನೂ ತಲುಪಲಿಲ್ಲ. ಅಲ್ಲಿ ಕನ್ನಡ ತಿಳಿದವರು ಇನ್ನಿಬ್ಬರೇ. ಮುಖ್ಯಸ್ಥೆ ಅವನ ಕಡೆ ಬಾಗಿ, ಏನು ಹೇಳುತ್ತಿದ್ದಾರೆ ಎಂದು ಪಿಸುಗುಟ್ಟಿದರು. ಅವನು ಯೋಚಿಸಲಿಲ್ಲ. ಆರು ವರ್ಷದ ಅಭ್ಯಾಸ ಅವನ ಬಾಯಲ್ಲಿ ಕೂತು ಕಾಯುತ್ತಿತ್ತು. ನೀರು ಕೇಳುತ್ತಿದ್ದಾರೆ ಎಂದ, ಇಂಗ್ಲಿಷಿನಲ್ಲಿ, ಸಭೆಗೂ ಕೇಳುವಷ್ಟು ಗಟ್ಟಿಯಾಗಿ. ಎದ್ದುಹೋಗಿ ಲೋಟ ತುಂಬಿ ಗುರುರಾಜರ ಕೈಗಿಟ್ಟ. ಗುರುರಾಜರು ಲೋಟವನ್ನು ನೋಡಿದರು, ಅವನನ್ನು ನೋಡಿದರು. ಇಷ್ಟೂ ಜನರೆದುರು ತಾವು ಕೇಳಿದ್ದು ನೀರನ್ನೇ ಇರಬೇಕು ಎಂಬಂತೆ ತಲೆಯಾಡಿಸಿ, ವಿಧೇಯರಾಗಿ, ಕೊನೆಯ ಹನಿಯವರೆಗೂ ಕುಡಿದರು. ಗಂಟಲ ಮಣಿ ಏರಿ ಇಳಿಯುವುದನ್ನು ಅವನು ನೋಡುತ್ತ ನಿಂತಿದ್ದ. ಅವರಿಗೆ ಬಾಯಾರಿರಲಿಲ್ಲ.

ಪತ್ರ ಬರೆದದ್ದು ನಿಜ. ಎರಡು ವರ್ಷದ ಹಿಂದೆ, ಅಕ್ಟೋಬರ್ ತಿಂಗಳು. ಆ ದಿನ ಮಧ್ಯಾಹ್ನ ಮೋಡ ಸರಿದ ಹಾಗೆ ಗುರುರಾಜರು ಪೂರ್ತಿ ಗುರುರಾಜರಾಗಿಬಿಟ್ಟಿದ್ದರು. ಬಾಗಿಲು ಹಾಕು ಎಂದರು. ನನಗೇನಾಗಿದೆ ಎಂದು ನನಗೆ ಗೊತ್ತು, ನೀನು ಏನು ಮಾಡುತ್ತಿದ್ದೀಯ ಎಂಬುದೂ ಗೊತ್ತು, ನಿನ್ನನ್ನು ದೂರುವುದಿಲ್ಲ ಎಂದರು. ಡೀನನಿಗೆ ಕೈಯಾರೆ ನಾಲ್ಕು ಸಾಲು ರಾಜೀನಾಮೆ ಬರೆದು ಮಡಿಸಿ ಕೊಟ್ಟರು. ‘ನಾಳೆ ಇದು ನನಗೆ ನೆನಪಿರುತ್ತೋ ಇಲ್ಲವೋ. ನಾನೇ ಬೇಡ ಅಂದರೂ ನೀನು ಕಳಿಸಬೇಕು. ಇನ್ನೊಂದೆರಡು ವರ್ಷ ನಾನು ಮನುಷ್ಯನ ಹಾಗಿರ್ತೀನಂತೆ. ಅದನ್ನು ಅಲಮೇಲು ಜೊತೆ ಕಳೀಬೇಕು ಕಣಯ್ಯಾ. ಅವಳಿಗೆ ನಾನು ಏನನ್ನೂ ಕೊಟ್ಟಿಲ್ಲ.’ ಅಮರೇಶ್ವರ ಅತ್ತಿದ್ದ. ಆ ಅಳುವೂ ಸುಳ್ಳಾಗಿರಲಿಲ್ಲ. ಮರುದಿನ ಅವರು, ಕಳಿಸಿದೆಯಾ ಎಂದು ಕೇಳಿದರು. ಆಶ್ಚರ್ಯ, ಎಲ್ಲ ಬಿಟ್ಟು ಅದೊಂದು ಅವರಿಗೆ ನೆನಪಿತ್ತು. ‘ಕಳಿಸೀನ್ರಿ ಸರ್,’ ಎಂದ. ಕಳಿಸಿರಲಿಲ್ಲ. ಉತ್ತರ ಬರುವ ತನಕ ಬರುತ್ತಿರಬೇಕಾಗುತ್ತದೆ ಎಂದ. ಪೀಠ ಹೋದರೆ ತನ್ನ ಹುದ್ದೆಯೂ ಹೋಗುತ್ತದೆಂದು ಹೆದರಿದ್ದ ಎಂದರೆ ಅದು ಸುಳ್ಳಲ್ಲ. ಐವತ್ತು ದಾಟಿದವನಿಗೆ ಇನ್ನೆಲ್ಲಿ ಕೆಲಸ. ಆದರೆ ಅದು ಹೊರಗಿನವರಿಗೆ ಹೇಳಬಹುದಾದ ಕಾರಣ. ಒಳಗಿನ ಕಾರಣ ಇನ್ನೂ ಸಣ್ಣದು. ತನ್ನ ಹೆಸರು ಹಾಕಿ ಕಳಿಸಿದ ಪ್ರಬಂಧ ಮೂರು ಕಡೆಯಿಂದ ಮರಳಿ ಬಂದಿತ್ತು. ಅದನ್ನೇ ಅಕ್ಷರ ಬದಲಿಸದೆ ಗುರುರಾಜರ ಹೆಸರಿನಲ್ಲಿ ಕಳಿಸಿದಾಗ, ಜೀವಮಾನದ ಫಲವೆಂದು ಹೊಗಳಿ ಬರೆದರು. ಆ ಹೊಗಳಿಕೆಯನ್ನು ಅವನು ಬಸ್ಸಿನಲ್ಲಿ ಓದಿದ್ದ, ಪಾರ್ಸಿಪನಿ ಮುಟ್ಟುವವರೆಗೆ ಹನ್ನೆರಡು ಸಲ. ಮನೆಯಲ್ಲಿ ಹೆಂಡತಿ ಅಕ್ಷಯಾ, ನಿಮ್ಮ ಹೆಸರು ಎಲ್ಲೈತಿ ಇದರಾಗ ಎಂದಳು. ಅವನು ಊಟ ಬಿಟ್ಟು ಎದ್ದಿದ್ದ.

ಉಪನ್ಯಾಸ ಮುಗಿಯಿತು, ಹೇಗೆ ಮುಗಿಯಿತೆಂದು ಅವನಿಗೆ ತಿಳಿಯಲಿಲ್ಲ. ಕಲೀಮುಲ್ಲಾ ಬೀದರ ಬಿಟ್ಟು ಓಡಿಹೋದ, ಅವನ ಹೆಣ ಮಾತ್ರ ಮರಳಿ ಬಂತು. ಅಮೀರನ ಮಗ ಅಲೀ ಬರೀದ್ ತನ್ನನ್ನು ಶಾಹ ಎಂದು ಕರೆದುಕೊಂಡ, ಅರಮನೆಯ ಗೋಡೆಗೆ ಮುತ್ತಿನ ಚಿಪ್ಪು ಕೂಡಿಸಿದ, ತಾಳಿಕೋಟೆಗೆ ದಂಡು ತೆಗೆದುಕೊಂಡು ಹೋದ. ಅವನ ನಂತರ ಒಬ್ಬೊಬ್ಬರೂ ಒಂದೊಂದು ಮೆಟ್ಟಿಲು ಇಳಿದರು. ಸಾವಿರದ ಆರುನೂರ ಹತ್ತೊಂಬತ್ತರಲ್ಲಿ ಬಿಜಾಪುರದವರು ಬಂದು ಕೊನೆಯವನನ್ನೂ ಅವನ ಮಕ್ಕಳನ್ನೂ ಹಿಡಿದು ತಮ್ಮೂರಿಗೆ ಒಯ್ದು ಕಾವಲಿನಲ್ಲಿಟ್ಟರು. ‘ಕಾವಲು ಇಟ್ಟವರ ಮನೆತನ ಕಾವಲಿನಲ್ಲಿ ಮುಗಿಯಿತು,’ ಎಂಬ ಕೊನೆಯ ವಾಕ್ಯಕ್ಕೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬರೆಯುವಾಗ ಆ ವಾಕ್ಯ ಅವನಿಗೆ ಬಹಳ ಹಿಡಿಸಿತ್ತು. ಈಗ ಕೇಳಿದರೆ ಯಾರೋ ತನ್ನ ಜೇಬಿಗೆ ಕೈಹಾಕಿದ ಹಾಗಾಯಿತು. ಕಾರಿಡಾರಿನಲ್ಲಿ ಸನ್ನಿಧಿ ಎದುರಾದಳು. ಕೈಯಲ್ಲಿದ್ದ ಕಾಗದದ ಕಪ್ಪನ್ನು ತಿರುಗಿಸುತ್ತ, ಅವನ ಮುಖ ನೋಡದೆ ಹೇಳಿದಳು: ‘ಸರ್ ನೀರು ಕೇಳಿರಲಿಲ್ರಿ.’

‘ಹೌದವ್ವಾ,’ ಎಂದ.

‘ನಾ ಯಾರಿಗೂ ಹೇಳಂಗಿಲ್ರಿ. ಆದ್ರ ನನಗ ತಿಳೀತು ಅಂತ ನಿಮಗ ಗೊತ್ತಿರಲಿ ಅಂತ.’ ಅಷ್ಟು ಹೇಳಿ ಹೋದಳು. ಬೈದಿದ್ದರೆ ಸಿಟ್ಟು ಮಾಡಿಕೊಳ್ಳಬಹುದಿತ್ತು.

ಟ್ಯಾಕ್ಸಿಯಲ್ಲಿ ಅಲಮೇಲು ಗುರುರಾಜರ ಕೈ ಹಿಡಿದು ಕೂತಿದ್ದರು. ಮನೆಗೆ ಬಂದು ಗಂಡನಿಗೆ ಬಟ್ಟೆ ಬದಲಿಸಿ, ಮೊಸರನ್ನ ಕಲಸಿ ತಿನ್ನಿಸಿ, ಕಿಟಕಿಯ ಹತ್ತಿರ ಕುಳ್ಳಿರಿಸಿ ಬಂದರು. ಅಷ್ಟು ಹೊತ್ತೂ ಅಮರೇಶ್ವರ ಹಾಲ್‌ನಲ್ಲಿ ನಿಂತೇ ಇದ್ದ. ಕೂರು ಎಂದು ಅವರು ಹೇಳಿರಲಿಲ್ಲ. ಹೇಳದಿದ್ದದ್ದು ಇದೇ ಮೊದಲು.

‘ಯಾವ ಪತ್ರ ಅಮರೇಶ?’

ಹೇಳಿದ. ಹೇಳುತ್ತ ಹೋದ ಹಾಗೆ, ಇದನ್ನು ಹೇಳಲು ಎರಡು ವರ್ಷ ಬೇಕಾಗುವಷ್ಟು ಉದ್ದದ ಸಂಗತಿಯೇನಲ್ಲ, ಐದು ನಿಮಿಷದ್ದು ಎಂದು ತಿಳಿದು ದಿಗಿಲಾಯಿತು. ಬೈಗುಳಕ್ಕೆ ಮೈ ಗಟ್ಟಿಮಾಡಿಕೊಂಡು ಕಾದ. ಅಲಮೇಲು ಊಟದ ಮೇಜಿನ ಕುರ್ಚಿ ಎಳೆದುಕೊಂಡು ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ, ಅವನಿಗಲ್ಲ ಎಂಬಂತೆ ಹೇಳಿದರು: ‘ದಿನಾ ಬೆಳಗ್ಗೆ ಹೇಳ್ತಿದ್ರು. ನಾನು ಬಿಟ್ಟಾಯ್ತು ಕಣೇ, ಪತ್ರ ಕೊಟ್ಟಾಯ್ತು, ಇನ್ನು ನಾವಿಬ್ರೇ ಇರೋಣ ಅಂತ. ನಾನು ಅದನ್ನ ಕಾಯಿಲೆ ಅಂದ್ಕೊಂಡೆ. ಡಾಕ್ಟರ್ ಹತ್ರ ಹೇಳ್ದೆ, ಇಲ್ಲದ್ದನ್ನ ಕಲ್ಪಿಸಿಕೊಳ್ತಿದಾರೆ ಅಂತ. ಅವರು ಬರ್ಕೊಂಡ್ರು. ಮಾತ್ರೆ ಜಾಸ್ತಿ ಮಾಡಿದ್ರು. ಆ ಮಾತ್ರೆ ತಗೊಂಡ ಮೇಲೆ ಮಾತೇ ಕಮ್ಮಿ ಆಯ್ತು.’ ಕಿಟಕಿಯ ಕಡೆ ನೋಡಿದರು. ‘ಹೋದ ಚಳಿಗಾಲದಲ್ಲಿ ಒಂದಿನ ಷರ್ಟ್ ಹಾಕ್ಕೊಳ್ಳಲ್ಲ ಅಂತ ಹಟ ಮಾಡಿದ್ರು. ಬಿಟ್ಟಾಯ್ತು ಬಿಟ್ಟಾಯ್ತು ಅಂತ ಅದೇ. ಹೊಡೆದ್ಬಿಟ್ಟೆ ಕಣಪ್ಪ. ಕೆನ್ನೆಗೆ. ನಲವತ್ತೊಂಬತ್ತು ವರ್ಷದ ಸಂಸಾರ. ಅವರು ನಿಜ ಹೇಳ್ತಿದ್ರು, ನಾನು ಹೊಡೆದೆ.’

 ತನ್ನ ಪಾಪಕ್ಕೆ ಅಮರೇಶ್ವರ ಈವರೆಗೆ ಒಂದು ಅಳತೆ ಇಟ್ಟುಕೊಂಡಿದ್ದ: ಒಬ್ಬ ಮುದುಕ ಇನ್ನೆರಡು ವರ್ಷ ಗೌರವದ ಕುರ್ಚಿಯಲ್ಲಿ ಕೂತಿದ್ದ, ಅಷ್ಟೆ, ಯಾರಿಗೇನು ನಷ್ಟ. ಆ ಸುಳ್ಳು ಈ ಮನೆಗೆ ಬಂದು ಪ್ರತಿ ಬೆಳಗ್ಗೆ ಹೀಗೆ ಗಂಡಹೆಂಡಿರ ನಡುವೆ ಕೂತುಕೊಳ್ಳುತ್ತಿತ್ತು ಎಂದು ಅವನು ಯೋಚಿಸಿರಲಿಲ್ಲ. ಅಥವಾ ಯೋಚಿಸಿದ್ದ, ಇವತ್ತು ಬೆಳಗ್ಗೆ ಕಾಲುಚೀಲ ಹಾಕುವಾಗ ತಲೆ ಬಗ್ಗಿಸಿದ್ದು ಮತ್ತೇಕೆ?

‘ಯಾಕಪ್ಪ ಹಾಗೆ ಮಾಡ್ದೆ?’ ಎಂದರು ಅಲಮೇಲು. ಮಗುವನ್ನು ಕೇಳುವ ಹಾಗೆ, ನಿಜವಾಗಿ ತಿಳಿಯಬೇಕೆಂದು.

‘ನನ್ನ ಮಾತು ಯಾರೂ ಕೇಳ್ತಿದ್ದಿಲ್ರಿ ಅಮ್ಮಾ.’

‘ಅವರು ಕೇಳ್ತಿದ್ರಲ್ಲೋ,’ ಎಂದರು. ‘ಮನೇಲಿ ನನ್ನ ಮಾತು ಕೇಳ್ದೇ ಇದ್ರೂ ನಿನ್ನ ಮಾತು ಕೇಳ್ತಿದ್ರಲ್ಲೋ.’

ಅಲ್ಲೇ, ಆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಅವನು ಡೀನನಿಗೆ ಬರೆದ. ಆರು ವರ್ಷದಲ್ಲಿ ಮೊದಲ ಸಲ ತನ್ನ ದನಿಯಲ್ಲಿ ಬರೆಯಬೇಕಾಗಿತ್ತು. ಕಾಲು ಜೋಮು ಹಿಡಿದವನು ಎದ್ದು ನಿಂತ ಹಾಗೆ ವಾಕ್ಯಗಳು ವಾಲಾಡಿದವು. ಪತ್ರದ ದಿನಾಂಕ, ತಾನು ಅದನ್ನು ತಡೆಹಿಡಿದದ್ದು, ಅಲ್ಲಿಂದೀಚೆಗೂ ಅದಕ್ಕೂ ಮೊದಲೂ ಗುರುರಾಜರ ಹೆಸರಿನಲ್ಲಿ ತಾನು ಬರೆದದ್ದು. ಅಲಮೇಲು ಕನ್ನಡಕ ಹಾಕಿಕೊಂಡು ಓದಿ, ‘ಹೊಗಳಿಕೆ ಮಾತು ತೆಗಿ. ಅವರು ದೊಡ್ಡವರು ಅಂತ ನೀನು ಹೇಳೋದು ಬೇಡ,’ ಎಂದರು. ತೆಗೆದ. ಪುಸ್ತಕ ಎಂದು ಅವನು ತಡವರಿಸಿದ. ಬರೀದರ ಬಗೆಗಿನ ಆ ದೊಡ್ಡ ಪುಸ್ತಕ ಚಳಿಗಾಲಕ್ಕೆ ಅಚ್ಚಾಗಬೇಕಿತ್ತು, ರಕ್ಷಾಪುಟದ ಮೇಲೆ ಗುರುರಾಜರ ಹೆಸರಿನೊಂದಿಗೆ. ‘ಅವರದಲ್ಲದ್ದು ಅವರಿಗೆ ಬೇಡ,’ ಎಂದು ಎದ್ದುಹೋದರು. ಕಿಟಕಿಯ ಬಳಿ ಬಗ್ಗಿ ಗಂಡನ ಕೆನ್ನೆಯ ಮೇಲೆ ಅಂಗೈಯಿಟ್ಟು ಏನೋ ಹೇಳುತ್ತಿದ್ದರು. ಗುರುರಾಜರು ಮುಗುಳ್ನಗುತ್ತ, ಅಪರಿಚಿತರಿಗೆ ತೋರಿಸುವ ಮರ್ಯಾದೆಯಲ್ಲಿ, ‘ಪರವಾಗಿಲ್ಲಮ್ಮಾ, ಪರವಾಗಿಲ್ಲ,’ ಎನ್ನುತ್ತಿದ್ದರು. ಅದನ್ನು ನೋಡುವ ಅಧಿಕಾರ ತನಗಿಲ್ಲವೆಂದು ಅವನು ಸದ್ದಾಗದಂತೆ ಬಾಗಿಲೆಳೆದುಕೊಂಡು ಹೊರಗೆ ಬಂದ.

ವಿಶ್ವವಿದ್ಯಾಲಯ ಗಲಾಟೆ ಮಾಡಲಿಲ್ಲ. ದೊಡ್ಡ ಮನೆಗಳಲ್ಲಿ ಮಾಡುವುದಿಲ್ಲ. ಎರಡು ಸಲ ಅವನನ್ನು ಕರೆದು ಕೇಳಿದರು, ವಕೀಲರೊಬ್ಬರು ಬರೆದುಕೊಂಡರು. ಗುರುರಾಜರು ಎರಡು ವರ್ಷದ ಹಿಂದೆಯೇ ನಿವೃತ್ತರಾದರೆಂದು ಕಾಗದದಲ್ಲಿ ತಿದ್ದಿಕೊಂಡರು. ಅವನ ಹುದ್ದೆಯನ್ನು ಜುಲೈಯಿಂದ ಮುಂದುವರಿಸಲಿಲ್ಲ. ಮೂರು ಪ್ರಬಂಧಗಳ ಕೆಳಗೆ ಸಣ್ಣ ಅಕ್ಷರದ ತಿದ್ದುಪಡಿ ಬಂತು, ಯಾರು ಓದುತ್ತಾರೆ. ಪ್ರಕಾಶಕರು ಪುಸ್ತಕವನ್ನು ಮರಳಿಸಿ, ನಿಮ್ಮ ಹೆಸರಿನಲ್ಲಾದರೆ ನಮಗೆ ಆಸಕ್ತಿಯಿಲ್ಲವೆಂದು ಸೌಜನ್ಯದಿಂದ ತಿಳಿಸಿದರು. ಅಕ್ಷಯಾ ಎಲ್ಲವನ್ನೂ ಕೇಳಿಸಿಕೊಂಡು ತಟ್ಟೆಗಳನ್ನು ಎತ್ತಿಟ್ಟಳು. ಮರುದಿನ ಆಫೀಸಿಗೆ ಹೊರಡುವಾಗ ಕಾರಿನ ಕಿಟಕಿ ಇಳಿಸಿ, ‘ನಾ ಹೆಸರು ಕೇಳಿದ್ದು ಇದಕ್ಕ ಅಲ್ರಿ,’ ಎಂದಳು. ಅವನು ಈಗ ಬೆಳಗಿನ ಹೊತ್ತು ಅಪಾರ್ಟ್‌ಮೆಂಟುಗಳ ನಡುವಿನ ಹುಲ್ಲಿನ ಸುತ್ತ ನಡೆಯುತ್ತಾನೆ. ಭಾರತದಿಂದ ಬಂದ ಅಂಕಲ್‌ಗಳು, ಏನು ಕೆಲಸ ಎಂದು ಕೇಳುತ್ತಾರೆ. ಇತಿಹಾಸ ಎನ್ನುತ್ತಾನೆ. ಅವರು ನಗುತ್ತಾರೆ.

ಆಗಸ್ಟಿನಲ್ಲಿ ಅಲಮೇಲು ಫೋನ್ ಮಾಡಿದರು, ಏಪ್ರಿಲ್ಲಿನ ಮೇಲೆ ಮೊದಲ ಸಲ. ಒಹಾಯೊದಲ್ಲಿರುವ ಮಗಳು ಧೃತಿಯ ಮನೆಗೆ ಹೊರಟಿದ್ದೇವೆ, ಮಗಳು ಕಾರು ತಂದಿದ್ದಾಳೆ, ಪುಸ್ತಕದ ಪೆಟ್ಟಿಗೆಗಳನ್ನು ಇಳಿಸುವುದಕ್ಕೆ ಒಬ್ಬರು ಬೇಕು. ಕ್ಷಮಿಸಿದ್ದೇನೆ ಎನ್ನಲಿಲ್ಲ. ಅವನೂ ಆ ಮಾತನ್ನು ಹುಡುಕಲಿಲ್ಲ. ಹೋಗಿ ಇಡೀ ಬೆಳಗ್ಗೆ ಪೆಟ್ಟಿಗೆ ಹೊತ್ತ. ಮನೆ ಖಾಲಿಯಾಗಿ, ಹಾಲ್‌ನಲ್ಲಿ ಎರಡು ಮಡಚುವ ಕುರ್ಚಿ ಮಾತ್ರ ಉಳಿದಿದ್ದವು. ನಡುವೆ ಗುರುರಾಜರು ತೊಳೆದ ಬಿಳಿ ಅಂಗಿ ತೊಟ್ಟು ನಿಂತಿದ್ದರು, ಕೈಗಳನ್ನು ಮುಂದೆ ಕಟ್ಟಿಕೊಂಡು. ಕೆಳಗೆ ಕಾರಿಗೆ ಸಾಮಾನು ತುಂಬುವುದು ಇನ್ನೂ ಮುಗಿದಿರಲಿಲ್ಲ. ಅಲಮೇಲು, ‘ರೀ, ಕೂತ್ಕೊಳ್ಳಿ. ಇನ್ನು ಮೇಲೆ ನೀವು ಯಾವ ಕೆಲಸಕ್ಕೂ ಹೋಗೋ ಹಾಗಿಲ್ಲ. ಎಲ್ಲ ಮುಗೀತು,’ ಎಂದರು. ದನಿಯಲ್ಲಿ ಎಷ್ಟೋ ತಿಂಗಳಿಂದ ಕೂಡಿಟ್ಟ ಮೃದುತ್ವವಿತ್ತು. ಗುರುರಾಜರು ಕೂರಲಿಲ್ಲ. ಹೆಂಡತಿಯ ಮುಖವನ್ನು ನೋಡಿ, ಕುರ್ಚಿಯನ್ನು ನೋಡಿ, ಆಮೇಲೆ ಪೂರ್ತಿ ಮೈ ತಿರುಗಿಸಿ, ಬಾಗಿಲಲ್ಲಿ ಪೆಟ್ಟಿಗೆ ಹೊತ್ತು ನಿಂತ ಅಮರೇಶ್ವರನ ಕಡೆ ನೋಡಿದರು. ಅವನು ಯಾರೆಂದು ಅವರಿಗೆ ಗೊತ್ತಿರಲಿಲ್ಲ, ಕಣ್ಣಲ್ಲಿ ಗುರುತಿನ ಒಂದು ಎಳೆಯೂ ಇರಲಿಲ್ಲ. ಆದರೆ ಯಾರನ್ನು ಕೇಳಬೇಕೆಂಬುದು ಮಾತ್ರ ಮೈಗೆ ಗೊತ್ತಿತ್ತು. ಅಲಮೇಲು ಅದನ್ನು ಕಂಡರು. ಅವರ ಕೈ ಕುರ್ಚಿಯ ಬೆನ್ನಿನ ಮೇಲೆ ಹಾಗೆಯೇ ನಿಂತಿತು.

‘ಕೂತ್ಕೋಬಹುದಾ?’ ಎಂದರು ಗುರುರಾಜರು, ಅವನಿಗೆ.

ಅವನು ಪೆಟ್ಟಿಗೆಯನ್ನು ಕೆಳಗಿಟ್ಟ. ತಾನು ಬಾಯಿ ತೆರೆಯದಿದ್ದರೆ ಅವರು ಹೆಂಡತಿಯ ಮಾತಿಗೇ ಕೂರಬಹುದು, ಒಂದು ಸಲವಾದರೂ ಕೂರಲಿ ಎಂದು ಹಲ್ಲು ಕಚ್ಚಿ ಕಾದ. ಗುರುರಾಜರು ನಿಂತೇ ಇದ್ದರು. ಮೊಣಕಾಲು ನಡುಗತೊಡಗಿತು.

‘ಹೇಳಪ್ಪ,’ ಎಂದರು ಅಲಮೇಲು. ‘ಕಾಲು ನೋಯುತ್ತೆ ಅವರಿಗೆ.’

‘ಕೂಡ್ರಿ ಸರ್,’ ಎಂದ.

ಅವರು ಕೂತರು.